ವಾಚನಾಲಯದ ಟ್ಯೂಬ್‌ಲೈಟುಗಳಿಗೆ ಯಾವ ಚೋಕ್, ಎಲ್ಲಿ ಡಿಮ್ಮರ್?

ಪ್ರಶ್ನೆ – ವಾಚನಾಲಯದ ಕಾರ್ಯದರ್ಶಿ
ಮಾನ್ಯರೇ, ನಮ್ಮೂರಿನ ವಾಚನಾಲಯದಲ್ಲಿ ನಾಲ್ಕು ಅಡಿಯ, 36 ವ್ಯಾಟಿನ 24 ಟ್ಯೂಬ್‌ಲೈಟುಗಳು ದಿನಕ್ಕೆ ಹತ್ತು ಗಂಟೆ ಉರಿಯುತ್ತವೆ. ಎಲ್ಲಕ್ಕೂ ಹಳೆಯ ತಾಮ್ರದ ಚೋಕ್ (ಟ್ಯೂಬಿಗೆ ಹರಿಯುವ ವಿದ್ಯುತ್ತನ್ನು ಹಿಡಿತದಲ್ಲಿಡುವ ಭಾಗ) ಇದೆ. ಸಂಜೆ ವೋಲ್ಟೇಜ್ ಇಳಿದಾಗ ಕೆಲವು ಹೊತ್ತಿಕೊಳ್ಳದೆ ಮಿಣುಕುತ್ತಲೇ ಇರುವುದರಿಂದ, ಪರೀಕ್ಷೆಗೆ ಓದಲು ಬರುವ ಮಕ್ಕಳಿಗೆ ತೊಂದರೆಯಾಗುತ್ತಿದೆ. ಎಲೆಕ್ಟ್ರಾನಿಕ್ ಚೋಕ್ ಹಾಕಿಸಿದರೆ ಎಷ್ಟು ಉಳಿದೀತು? ಹಗಲಿನಲ್ಲಿ ಕಿಟಕಿ ಪಕ್ಕದ ಆರು ದೀಪಗಳನ್ನು ಮಂದಗೊಳಿಸಲು ಫ್ಯಾನಿನ ರೆಗ್ಯುಲೇಟರ್ ಬಳಸಬಹುದೇ?

ಉತ್ತರ – ವಿದ್ಯುತ್ ಗುತ್ತಿಗೆದಾರ
ತಾಮ್ರದ ಚೋಕ್ ತಾನೇ ಹತ್ತು ವ್ಯಾಟಿನಷ್ಟನ್ನು ಶಾಖವಾಗಿ ಕಳೆಯುತ್ತದೆ. ಎಲೆಕ್ಟ್ರಾನಿಕ್ ಚೋಕ್ ದೀಪವನ್ನು 20,000 ಹರ್ಟ್ಸ್‌ಗೂ ಮೇಲಿನ ಆವರ್ತನದಲ್ಲಿ ಉರಿಸುವುದರಿಂದ, ಸುಮಾರು 32 ವ್ಯಾಟಿನಲ್ಲೇ ಅಷ್ಟೇ ಬೆಳಕು ಸಿಗುತ್ತದೆ. ಹಳೆಯ ಚೋಕಿನಲ್ಲಿ ಬೆಳಕಿಗಿದ್ದ ಸೆಕೆಂಡಿಗೆ ನೂರು ಬಾರಿಯ ಕಂಪನವೂ ಕಣ್ಣಿಗೆ ತಾಗುವುದಿಲ್ಲ. ದೀಪಕ್ಕೆ 12 ವ್ಯಾಟ್ ಉಳಿಯಿತೆಂದರೂ ನಿಮಗೆ ತಿಂಗಳಿಗೆ 86 ಯೂನಿಟ್ ಮಿಗುತ್ತದೆ. ಆದರೆ ಅಗ್ಗದ ಚೋಕ್ ಬೇಡ. ಒಂದು ಶಾಲೆಗೆ ಅಂಥವನ್ನು ಹಾಕಿಸಿದ್ದೆ, ಮುಂಗಾರಿನ ಮೊದಲ ಸಿಡಿಲಿಗೇ ಅರ್ಧದಷ್ಟು ಸುಟ್ಟುಹೋದವು. ಯಾವ ವೋಲ್ಟೇಜಿನಿಂದ ಯಾವ ವೋಲ್ಟೇಜಿನವರೆಗೆ ತಾಳುತ್ತದೆ, ಪವರ್ ಫ್ಯಾಕ್ಟರ್ (ಎಳೆದುಕೊಂಡ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.9ಕ್ಕಿಂತ ಹೆಚ್ಚಿದೆಯೇ ಎಂಬುದನ್ನು ಅದರ ಮೈಮೇಲೆ ಓದಿಯೇ ಕೊಳ್ಳಿ.

ಉತ್ತರ – ನಿವೃತ್ತ ಇಂಜಿನಿಯರ್
ರೆಗ್ಯುಲೇಟರ್ ಖಂಡಿತ ಬೇಡ. ವೋಲ್ಟೇಜ್ ತಗ್ಗಿಸಿದರೆ ಟ್ಯೂಬಿನ ಎರಡೂ ತುದಿಯ ಫಿಲಮೆಂಟುಗಳು ತಣ್ಣಗಾಗಿ, ದೀಪ ಆರಿ ಆರಿ ಹೊತ್ತುತ್ತದೆ, ತುದಿಗಳು ಬೇಗ ಕಪ್ಪಾಗುತ್ತವೆ. ಬೆಳಕು ತಗ್ಗಿದಾಗಲೂ ಫಿಲಮೆಂಟನ್ನು ಬಿಸಿಯಾಗಿಡುವ, 1ರಿಂದ 10 ವೋಲ್ಟಿನ ನಿಯಂತ್ರಣ ತಂತಿಗಳನ್ನು ಬೇರೆಯಾಗಿ ಪಡೆಯುವ ಡಿಮ್ಮಿಂಗ್ ಚೋಕ್ ಇದಕ್ಕೆ ಬೇಕು. ಈ ಬಿಸಿಗೂ ವಿದ್ಯುತ್ ಖರ್ಚಾಗುವುದರಿಂದ, ಬೆಳಕು ಇಳಿದಷ್ಟೇ ಪ್ರಮಾಣದಲ್ಲಿ ಬಿಲ್ಲು ಇಳಿಯುವುದಿಲ್ಲ. ಆರು ದೀಪಗಳಿಗಾಗಿ ಆ ವೆಚ್ಚ ತರವಲ್ಲವೆಂದು ನನ್ನ ಅಭಿಪ್ರಾಯ. ಕಿಟಕಿ ಸಾಲಿಗೆ ಪ್ರತ್ಯೇಕ ಸ್ವಿಚ್ ಕೊಡಿಸಿ, ಬಿಸಿಲಿರುವಾಗ ಆರಿಸಿಬಿಡಿ. ಹಾಗೆ ಆಗಾಗ ಆರಿಸಿ ಹೊತ್ತಿಸುವ ಸಾಲಿಗೆ ಫಿಲಮೆಂಟನ್ನು ಮೊದಲು ಬಿಸಿಮಾಡಿ ಹೊತ್ತಿಸುವ ಚೋಕನ್ನೇ ಆರಿಸಿಕೊಳ್ಳಿ, ಟ್ಯೂಬಿನ ಆಯುಸ್ಸು ಉಳಿಯುತ್ತದೆ.

ಇನ್ನೊಂದು ಮಾತು. ಈ ಟ್ಯೂಬುಗಳೊಳಗೆ ಪಾದರಸವಿರುತ್ತದೆ. ಪಾದರಸದ ಕುರಿತ ಮಿನಮಾಟಾ ಒಪ್ಪಂದದ ದೇಶಗಳು ಇಂಥ ಟ್ಯೂಬುಗಳ ತಯಾರಿಕೆಯನ್ನು 2027ರ ಹೊತ್ತಿಗೆ ನಿಲ್ಲಿಸಲು 2023ರಲ್ಲಿ ಒಪ್ಪಿವೆ. ಆದ್ದರಿಂದ ಟ್ಯೂಬು ಕೂರಿಸಿರುವ ಪಟ್ಟಿಗಳು ಗಟ್ಟಿಯಾಗಿದ್ದರೆ ಮಾತ್ರ ಚೋಕ್ ಬದಲಿಸಿ. ತುಕ್ಕು ಹಿಡಿದಿದ್ದರೆ ಅಲ್ಲಿಗೆ ಎಲ್‌ಇಡಿಯನ್ನೇ ಹಾಕಿಸಿ.

ಪ್ರತಿಕ್ರಿಯೆ – ವಾಚನಾಲಯದ ಕಾರ್ಯದರ್ಶಿ
ಇಬ್ಬರಿಗೂ ಕೃತಜ್ಞತೆಗಳು. ಕಿಟಕಿ ಸಾಲಿನ ಆರು ಪಟ್ಟಿಗಳೇ ಮಳೆನೀರಿಗೆ ತುಕ್ಕು ಹಿಡಿದಿವೆ, ಅವನ್ನು ಎಲ್‌ಇಡಿಗೆ ಬದಲಿಸಿ ಪ್ರತ್ಯೇಕ ಸ್ವಿಚ್ ಕೊಡಿಸುತ್ತೇವೆ. ಉಳಿದ ಹದಿನೆಂಟಕ್ಕೆ ಚೋಕ್ ಬದಲಿಸುತ್ತೇವೆ. ಕಳಚಿದ ಟ್ಯೂಬುಗಳನ್ನು ಒಡೆಯದಂತೆ ಕಟ್ಟಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸುತ್ತೇವೆ.