ಕೂದಲ ಹಗ್ಗ, ಕಾರಿನ ಬಂಪರ್, ರಸ್ತೆ ಗುಂಡಿಯ ಮೊಸಳೆ

ನಾನು: 📷 ದೊಡ್ಡಪ್ಪ, ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರ ಕೆಲಸ ಇದು. ಹೆಸರು ‘ಬಿಹೋಲ್ಡ್’. 2009ರಲ್ಲಿ ಇಟಲಿಯ ವೆನಿಸ್ ಬಿನಾಲೆ ಅನ್ನೋ ದೊಡ್ಡ ಕಲಾ ಪ್ರದರ್ಶನದಲ್ಲಿತ್ತು. ಆಮೇಲೆ ಲಂಡನ್ನಿನ ಟೇಟ್ ಮ್ಯೂಸಿಯಂನವರು ತೆಗೆದುಕೊಂಡರು.

ದೊಡ್ಡಪ್ಪ: ಏನಮ್ಮಾ ಇದು, ಗುಜರಿ ಅಂಗಡಿನಾ? ಗೋಡೆ ತುಂಬ ಬಂಪರ್. ಕೆಳಗೆ ಕಪ್ಪಗೆ ರಾಶಿ ಬಿದ್ದಿರುವುದೇನು?

ನಾನು: ಕೂದಲಲ್ಲಿ ಹೊಸೆದ ಹಗ್ಗ. ಸುಮಾರು 4 ಕಿಲೋಮೀಟರ್.

ಚಿಕ್ಕಮ್ಮ: ಶಿವ ಶಿವಾ! ಯಾರ ತಲೆದು?

ನಾನು: ದೇವಸ್ಥಾನದಲ್ಲಿ ಮುಡಿ ಕೊಟ್ಟಿದ್ದು. ದೃಷ್ಟಿ ಆಗದಿರಲಿ ಅಂತ ಬೆಂಗಳೂರಲ್ಲಿ ಬಂಪರಿಗೆ ಕಟ್ಟುತ್ತಾರಲ್ಲ, ಅದೇ ಹಗ್ಗ.

ಭಾವ: ನನ್ನ ಗೂಡ್ಸ್ ಗಾಡಿಗೂ ಒಂದಿದೆ. ಹಾಗಾದರೆ ನಾನೂ ಕಲಾವಿದ 😎

ದೊಡ್ಡಪ್ಪ: ತಮಾಷೆ ಸಾಕು. ಕಲೆ ಅಂದರೆ ರಸ್ತೆಯಲ್ಲೇ ಕಲೆ ಮಾಡುವ ಬಾದಲ್ ನಂಜುಂಡಸ್ವಾಮಿ ಅವರದ್ದು. 2019ರಲ್ಲಿ ನಟ ಪೂರ್ಣಚಂದ್ರ ಮೈಸೂರು ಅವರಿಗೆ ಗಗನಯಾತ್ರಿ ವೇಷ ಹಾಕಿ ಬೆಂಗಳೂರಿನ ಗುಂಡಿ ಬಿದ್ದ ರಸ್ತೆಯಲ್ಲಿ ನಡೆಸಿದರಲ್ಲ! ಚಂದ್ರನ ಮೇಲೇ ನಡೀತಿದ್ದಾನೆ ಅಂದುಕೊಂಡರೆ ಪಕ್ಕದಲ್ಲಿ ಆಟೋ ಬಂತು 😂 ಚಂದ್ರಯಾನ-2 ಇಳಿಯಬೇಕಿದ್ದ ವಾರ ಅದು. ಅದಕ್ಕೂ ಮುಂಚೆ, 2015ರಲ್ಲಿ, ಅಲ್ಲೇ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಗೆ ಮೊಸಳೆ ಗೊಂಬೆ ಬಿಟ್ಟಿದ್ದರು. ಗುಂಡಿ ರಿಪೇರಿ ಆಯಿತು. ನಿನ್ನ ಕೂದಲಿಂದ ಏನಾಯಿತು?

ನಾನು: ರಿಪೇರಿ ಆಗದಿದ್ದರೆ ಅದು ಕಲೆ ಆಗುತ್ತಿರಲಿಲ್ವಾ? ನೀವೇ ನೋಡಿ, ಮೊದಲು ಹೇಳಿದ್ದು ಆಟೋ ಬಂದಿದ್ದು. ಟಾರು ಕೊನೆಗೆ ನೆನಪಾಯಿತು.

ಭಾವ: ಸಿಕ್ಕಿಬಿದ್ದರು ದೊಡ್ಡಪ್ಪ.

ದೊಡ್ಡಪ್ಪ: ಸುಮ್ನಿರಪ್ಪ. ಬಾದಲ್ ಅವರದ್ದು ನೋಡಿದ ತಕ್ಷಣ ಅರ್ಥ ಆಗುತ್ತೆ. ಇದಕ್ಕೆ ಪಕ್ಕದಲ್ಲಿ ನಿಂತು ಯಾರಾದರೂ ಕತೆ ಹೇಳಬೇಕು.

ನಾನು: ಲಂಡನ್ನಿನವರಿಗೆ ಹೇಳಬೇಕು. ಭಾವನಿಗೆ ಬೇಕಾಗಲಿಲ್ಲವಲ್ಲ. ಫೋಟೊ ಜೂಮ್ ಮಾಡಿ ನೋಡಿ. ಅಷ್ಟು ಭಾರದ ಸ್ಟೀಲನ್ನು ಮೇಲೆ ಹಿಡಿದಿರುವುದೇ ಆ ಕೂದಲು.

ಚಿಕ್ಕಮ್ಮ: ಕೂದಲು ತಡೆಯುತ್ತಾ?

ನಾನು: ಹೊಸೆದರೆ ತಡೆಯುತ್ತೆ ಚಿಕ್ಕಮ್ಮ. ಅವರದ್ದೇ ಇನ್ನೊಂದಿದೆ, ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಅಂತ. ಮಾಮೂಲಿ ಹೊಲಿಗೆ ಸೂಜಿ. ಮಾರುಗಟ್ಟಲೆ ದಾರವನ್ನು ಪೂರ್ತಿ ಅದರ ಕಣ್ಣಲ್ಲೇ ಎಳೆದಿದ್ದಾರೆ. ಅಂಥ ಎಷ್ಟೋ ಎಳೆ ಸೇರಿಸಿ, ಅಂಟು ಕುಂಕುಮ ಸವರಿ, ಕೆಂಪು ಹಗ್ಗ ಮಾಡಿದ್ದಾರೆ. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ನೇತಾಡುತ್ತವೆ.

ಚಿಕ್ಕಮ್ಮ: ಅಯ್ಯೋ, ಒಂದು ಬ್ಲೌಸಿಗೆ ಹೆಮ್ಮಿಂಗ್ ಹಾಕುವಷ್ಟರಲ್ಲಿ ನನ್ನ ಬೆರಳು ಉರಿಯುತ್ತೆ. ಅಷ್ಟುದ್ದ ದಾರ ಸಿಕ್ಕಾಗಲ್ವಾ? ಫೋಟೊ ಹಾಕು.

ದೊಡ್ಡಪ್ಪ: ಕಷ್ಟಪಟ್ಟಿದ್ದೆಲ್ಲ ಕಲೆ ಆಗುವುದಾದರೆ, ನಾನು ಕಾರ್ಖಾನೆಯಲ್ಲಿ ಫರ್ನೇಸ್ ಮುಂದೆ ಬೆಂದಿದ್ದೂ ಕಲೆಯೇ.

ನಾನು: ಬರೀ ಕಷ್ಟ ಅಲ್ಲ ದೊಡ್ಡಪ್ಪ. ಆ ದಾರ, ಆ ಕುಂಕುಮ ಯಾರ ಕೈಯಲ್ಲಿ ದಿನಾ ಇರುತ್ತೆ ಹೇಳಿ? ನಮ್ಮ ಮನೆ ಹೆಂಗಸರ ಕೈಯಲ್ಲಿ. ಅದನ್ನು ಯಾರೂ ನಿಂತು ನೋಡಲ್ಲ. ಇವರು ನಿಲ್ಲಿಸಿ ತೋರಿಸಿದರು. ಪೇಂಟಿಂಗ್ ಕಲಿತವರು, ಶಾಂತಿನಿಕೇತನದಲ್ಲಿ, ಲಂಡನ್ನಿನಲ್ಲಿ. 1990ರ ದಶಕದಲ್ಲಿ ಗಲಭೆಗಳಾದ ಮೇಲೆ ಕ್ಯಾನ್ವಾಸ್ ಬಿಟ್ಟು ಸಗಣಿ ಹಿಡಿದರು.

ಭಾವ: ಸಗಣಿನಾ?! ದೊಡ್ಡಪ್ಪ ಗುಂಪು ಬಿಡ್ತಾರೆ ಈಗ 🤣

ದೊಡ್ಡಪ್ಪ: ಇಲ್ಲೇ ಇದ್ದೀನಿ. ಬಂಪರ್ ಎಷ್ಟಿವೆ?

ನಾನು: ಸುಮಾರು 20.

ದೊಡ್ಡಪ್ಪ: ಹೊಳಪು ಚೆನ್ನಾಗಿದೆ, ಅದನ್ನು ಒಪ್ಪುತ್ತೇನೆ. ಆದರೂ ನನ್ನ ಓಟು ಮೊಸಳೆಗೇ. ಅದನ್ನು ನೋಡಲು ವೀಸಾ ಬೇಕಾಗಿರಲಿಲ್ಲ. ಬಸ್ಸಿಗೆ ಕಾಯುವವನೂ ನೋಡಿದ.

ನಾನು: ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಚಿಕ್ಕಮ್ಮ: ಜಗಳ ಆಮೇಲೆ ಆಡಿ. ಸೂಜಿ ಫೋಟೊ ಹಾಕು ಅಂದೆನಲ್ಲ, ಎಲ್ಲಿ?