ಹಳೆಯ 66ನೇ ಹೆದ್ದಾರಿಯಲ್ಲಿ ತಂದೆತಾಯಿಯರೊಂದಿಗೆ ಹದಿನೈದು ದಿನ: ಹೋಗಿ ಬಂದವರ ಅನುಭವಗಳು

ಸಲಹೆ ಕೇಳಿದವರು, ನೇಪರ್ವಿಲ್‌ನಿಂದ

ಶಿಕಾಗೋ ಪಕ್ಕದ ನೇಪರ್ವಿಲ್‌ನಲ್ಲಿ ಎಂಟು ವರ್ಷಗಳಿಂದ ವಾಸವಾಗಿದ್ದೇವೆ. ಸೆಪ್ಟೆಂಬರ್ ಕೊನೆಯಲ್ಲಿ ಶಿವಮೊಗ್ಗದಿಂದ ನನ್ನ ತಂದೆತಾಯಿ ಬರುತ್ತಿದ್ದಾರೆ. ತಂದೆಯವರಿಗೆ ಎಪ್ಪತ್ತೊಂದು ವರ್ಷ. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಕಳೆದ ಬಾರಿ ನಯಾಗರಾಕ್ಕೆ ಕರೆದೊಯ್ದಾಗ ಜಲಪಾತಕ್ಕಿಂತ ಅಲ್ಲಿನ ಸೇತುವೆಯ ಎದುರೇ ಹೆಚ್ಚು ಹೊತ್ತು ನಿಂತಿದ್ದರು. ಆದ್ದರಿಂದ ಈ ಸಲ ಶಿಕಾಗೋದಿಂದ ಸಾಂಟಾ ಮೋನಿಕಾದವರೆಗಿನ ಹಳೆಯ 66ನೇ ಹೆದ್ದಾರಿಯನ್ನು ತೋರಿಸಬೇಕೆಂಬ ಆಸೆ. ರಜೆ ಇರುವುದು ಹದಿನೈದು ದಿನ. ತಾಯಿಯವರು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ, ಜೊತೆಗೆ ಮಂಡಿನೋವು. ಪೂರ್ತಿ ದಾರಿ ಹೋಗಬಹುದೇ, ಒಂದು ಭಾಗ ಸಾಕೇ? ಸಾಕೆಂದರೆ ಯಾವುದು? ಊಟ, ವಸತಿಯ ಬಗ್ಗೆಯೂ, ತಂದೆಯವರು ಸ್ವಲ್ಪ ದೂರವಾದರೂ ಕಾರು ಓಡಿಸಬಹುದೇ ಎಂಬುದರ ಬಗ್ಗೆಯೂ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಟಲ್ಸಾದಿಂದ ಒಬ್ಬರು

ನಾವು ದಂಪತಿ ಐದು ವರ್ಷಗಳ ಹಿಂದೆ ಪೂರ್ತಿ ದಾರಿಯನ್ನು ಹದಿನಾರು ದಿನಗಳಲ್ಲಿ ಮುಗಿಸಿದೆವು. ಮುಗಿಸಿದೆವು ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಕೊನೆಯ ನಾಲ್ಕು ದಿನ ನಾವು ನೋಡಿದ್ದಕ್ಕಿಂತ ಲೆಕ್ಕ ಹಾಕಿದ್ದೇ ಹೆಚ್ಚು. ಸುಮಾರು 2,400 ಮೈಲಿಯನ್ನು ಹದಿನೈದರಿಂದ ಭಾಗಿಸಿದರೆ ದಿನಕ್ಕೆ 160 ಬರುತ್ತದೆ, ಅಂತರರಾಜ್ಯ ಹೆದ್ದಾರಿಯಲ್ಲಾದರೆ ಅದು ಎರಡೂವರೆ ಗಂಟೆಯ ಮಾತು. ಹಳೆಯ ರಸ್ತೆಯಲ್ಲಿ ಅದೇ ದೂರಕ್ಕೆ ಇಡೀ ದಿನ ಹೋಗುತ್ತದೆ. ಏಕೆಂದರೆ ಆ ರಸ್ತೆ ಈಗ ಒಂದೇ ರಸ್ತೆಯಾಗಿ ಉಳಿದಿಲ್ಲ.

ಇದನ್ನು ಮೊದಲು ಅರ್ಥಮಾಡಿಕೊಳ್ಳದೆ ಹೊರಟಿದ್ದೇ ನಮ್ಮ ತಪ್ಪು. 1926ರ ನವೆಂಬರ್ 11ರಂದು ಹುಟ್ಟಿದ ಈ ಹೆದ್ದಾರಿ ಎಂಟು ರಾಜ್ಯಗಳನ್ನು ಹಾದು ಹೋಗುತ್ತಿತ್ತು, ಪೂರ್ತಿ ಉದ್ದಕ್ಕೂ ಗಟ್ಟಿ ಹಾಸು ಬಿದ್ದದ್ದು 1938ರಲ್ಲಿ, 1985ರ ಜೂನ್ 27ರಂದು ಅದನ್ನು ಅಧಿಕೃತ ಪಟ್ಟಿಯಿಂದ ತೆಗೆದುಹಾಕಿದರು. ಆ ಅರವತ್ತು ವರ್ಷಗಳಲ್ಲಿ ದಾರಿ ಎಷ್ಟೋ ಬಾರಿ ಬದಲಾಗಿದೆ. ಒಂದೇ ಊರಿನಲ್ಲಿ 1926ರ ದಾರಿ, 1930ರ ದಶಕದ ದಾರಿ, ಯುದ್ಧಾನಂತರದ ದಾರಿ ಎಂದು ಮೂರು ಸಿಗಬಹುದು. ಕೆಲವು ತುಂಡುಗಳು ಅಂತರರಾಜ್ಯ ಹೆದ್ದಾರಿಯ ಪಕ್ಕದ ಸೇವಾ ರಸ್ತೆಯಾಗಿವೆ, ಕೆಲವು ಹೊಲದ ಬೇಲಿಗೆ ಬಂದು ನಿಂತುಬಿಡುತ್ತವೆ. ಫೋನಿನ ನಕ್ಷೆಗೆ ಊರಿನ ಹೆಸರು ಕೊಟ್ಟರೆ ಅದು ಪ್ರತಿಬಾರಿಯೂ ನಿಮ್ಮನ್ನು ಅಂತರರಾಜ್ಯ ಹೆದ್ದಾರಿಗೇ ಎಳೆದು ತರುತ್ತದೆ. ತಿರುವಿನಿಂದ ತಿರುವಿಗೆ ದಾರಿ ಹೇಳುವ ಮುದ್ರಿತ ಮಾರ್ಗದರ್ಶಿಯೊಂದನ್ನು ಕೊಂಡು, ಪಕ್ಕದಲ್ಲಿ ಕುಳಿತವರು ಗಟ್ಟಿಯಾಗಿ ಓದಬೇಕು. ನಿಮ್ಮ ತಂದೆಯವರಿಗೆ ಆ ಕೆಲಸ ಕೊಡಿ. ಓಡಿಸುವುದಕ್ಕಿಂತ ಅದೇ ಅವರಿಗೆ ಹೆಚ್ಚು ಹಿಡಿಸೀತು. ಕಂದು ಬಣ್ಣದ ಫಲಕಗಳು ಇವೆಯಾದರೂ ಕದ್ದೊಯ್ಯುವವರ ಕಾಟ ಬಹಳ. ಅದಕ್ಕಾಗಿಯೇ ಹಲವೆಡೆ ಗುರಾಣಿಯ ಚಿಹ್ನೆಯನ್ನು ರಸ್ತೆಯ ಮೇಲೆಯೇ ಬರೆದಿದ್ದಾರೆ.

ನಮ್ಮ ರಾಜ್ಯವೆಂದು ಪಕ್ಷಪಾತ ಮಾಡುತ್ತಿಲ್ಲ, ಆದರೆ ಎಂಜಿನಿಯರ್ ಒಬ್ಬರಿಗೆ ತೋರಿಸಲು ಒಕ್ಲಹೋಮವನ್ನು ಮೀರಿಸುವ ರಾಜ್ಯ ಈ ದಾರಿಯಲ್ಲಿಲ್ಲ. ಈ ಹೆದ್ದಾರಿಗಾಗಿ ಹೋರಾಡಿದ ಸೈರಸ್ ಏವರಿ ಟಲ್ಸಾದವರು. ಅವರು ಬಯಸಿದ ಸಂಖ್ಯೆ 60; ಕೆಂಟಕಿಯ ಗವರ್ನರ್ ತಕರಾರು ತೆಗೆದದ್ದರಿಂದ, ಯಾರೂ ಕೇಳದೆ ಉಳಿದಿದ್ದ 66 ಇವರ ಪಾಲಿಗೆ ಬಂತು. ಮಯಾಮಿ ಮತ್ತು ಆಫ್ಟನ್ ಊರುಗಳ ನಡುವೆ 1922ರಷ್ಟು ಹಳೆಯ, ಕೇವಲ ಒಂಬತ್ತು ಅಡಿ ಅಗಲದ ರಸ್ತೆಯ ತುಣುಕು ಇನ್ನೂ ಇದೆ. ಇದ್ದ ಹಣದಲ್ಲಿ ಪೂರ್ತಿ ಅಗಲಕ್ಕೆ ಅರ್ಧ ದೂರ ಹಾಕುವ ಬದಲು ಅರ್ಧ ಅಗಲಕ್ಕೆ ಪೂರ್ತಿ ದೂರ ಹಾಕಿದರು ಎಂದು ಇಲ್ಲಿನವರು ಹೇಳುತ್ತಾರೆ. ಕಥೆ ನಿಜವಿರಲಿ ಬಿಡಲಿ, ಅಂಚಿನ ಕಾಂಕ್ರೀಟ್ ಕಟ್ಟು ಇಂದಿಗೂ ಕಾಣುತ್ತದೆ. ಒಕ್ಲಹೋಮ ಸಿಟಿ ದಾಟಿ ಬ್ರಿಡ್ಜ್‌ಪೋರ್ಟ್ ಬಳಿ ಸೌತ್ ಕೆನೇಡಿಯನ್ ನದಿಗೆ 1933ರ ಸೇತುವೆಯಿದೆ; 38 ಸಣ್ಣ ಹಳದಿ ಟ್ರಸ್‌ಗಳು (ತ್ರಿಕೋನಗಳಾಗಿ ಹೆಣೆದ ಉಕ್ಕಿನ ಚೌಕಟ್ಟುಗಳು) ಒಂದರ ಹಿಂದೊಂದರಂತೆ ಮುಕ್ಕಾಲು ಮೈಲಿ ಸಾಗುತ್ತವೆ. ಸುಂಕದ ಎಕ್ಸ್‌ಪ್ರೆಸ್‌ವೇಗಳು ಹಳೆಯ ರಸ್ತೆಗೆ ಸಮಾನಾಂತರವಾಗಿರುವುದರಿಂದ ಗೊತ್ತಾಗದೆ ಹತ್ತಿಬಿಡುವುದು ಸುಲಭ. ಅಲ್ಲಿ ನಗದು ಕಟ್ಟೆಗಳಿಲ್ಲ, ಬಾಡಿಗೆ ಕಾರಾದರೆ ಸುಂಕದ ಜೊತೆಗೆ ಬಾಡಿಗೆಯವರ ಸೇವಾಶುಲ್ಕವೂ ತಿಂಗಳ ನಂತರ ಬಂದು ಬೀಳುತ್ತದೆ. ನಮಗೆ ಹಾಗೆ ಬಿತ್ತು.

ಇನ್ನೊಂದು ಮಾತು. ಮೋಟೆಲಿನ ದೀಪಗಳ ಅಂದ ನೋಡುವಾಗ ಅವು ಎಲ್ಲರಿಗೂ ಉರಿದಿರಲಿಲ್ಲ ಎಂಬುದು ನೆನಪಿರಲಿ. ಕಪ್ಪು ಜನರು ಈ ದಾರಿಯಲ್ಲಿ ಎಲ್ಲಿ ಮಲಗಬಹುದು, ಎಲ್ಲಿ ಪೆಟ್ರೋಲ್ ಹಾಕಿಸಬಹುದು ಎಂದು ತಿಳಿಯಲು 1936ರಿಂದ ಪ್ರಕಟವಾಗುತ್ತಿದ್ದ ಹಸಿರು ಕೈಪಿಡಿಯೊಂದನ್ನು ಇಟ್ಟುಕೊಂಡು ಹೊರಡಬೇಕಾಗಿತ್ತು. ಟಲ್ಸಾಕ್ಕೆ ಬಂದರೆ 1921ರಲ್ಲಿ ಕಪ್ಪು ಜನರ ಹತ್ಯಾಕಾಂಡ ನಡೆದ ಗ್ರೀನ್‌ವುಡ್‌ಗೂ ಅರ್ಧ ದಿನ ಕೊಡಿ.

ಫೀನಿಕ್ಸ್‌ನಿಂದ ಒಬ್ಬರು

ನನ್ನ ಅನುಭವ ಅಲ್ಬುಕರ್ಕಿಯಿಂದ ಕಿಂಗ್‌ಮನ್‌ವರೆಗಿನದು, ಅತ್ತೆಮಾವಂದಿರೊಂದಿಗೆ ಏಳು ದಿನ ಹೋಗಿದ್ದೆವು. ನಿಮ್ಮ ಹದಿನೈದು ದಿನಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚನ್ನು ಇಲ್ಲಿಗೇ ಮೀಸಲಿಡಿ ಎನ್ನುತ್ತೇನೆ.

ನ್ಯೂ ಮೆಕ್ಸಿಕೋದಲ್ಲಿ ತಂದೆಯವರಿಗೆ ಹೇಳಬೇಕಾದ ಕಥೆಯೊಂದಿದೆ. ಮೊದಲು 66 ಸಾಂಟಾ ಫೆ ಊರನ್ನು ಸುತ್ತಿಕೊಂಡು ಬರುತ್ತಿತ್ತು. 1926ರ ಚುನಾವಣೆಯಲ್ಲಿ ಸೋತ ಗವರ್ನರ್ ಹ್ಯಾನೆಟ್ ತಮ್ಮನ್ನು ಸೋಲಿಸಿದ ಸಾಂಟಾ ಫೆಯ ರಾಜಕಾರಣಿಗಳ ಮೇಲಿನ ಸಿಟ್ಟಿಗೆ, ಅಧಿಕಾರ ಬಿಡಲು ಉಳಿದಿದ್ದ ಕೆಲವೇ ವಾರಗಳಲ್ಲಿ ಸಾಂಟಾ ರೋಸಾ ಕಡೆಯಿಂದ ಪಶ್ಚಿಮಕ್ಕೆ ನೇರ ರಸ್ತೆ ಕಡಿಸಿಬಿಟ್ಟರು. ಮುಂದೆ 1937ರಲ್ಲಿ 66 ಆ ನೇರ ದಾರಿಗೇ ಬಂತು. ಅದರಿಂದಾಗಿ ಅಲ್ಬುಕರ್ಕಿಯ ಸೆಂಟ್ರಲ್ ಅವೆನ್ಯೂ ಮತ್ತು ನಾಲ್ಕನೇ ಬೀದಿ ಕೂಡುವಲ್ಲಿ ಹೆದ್ದಾರಿ ತನ್ನನ್ನು ತಾನೇ ಅಡ್ಡ ದಾಟುತ್ತದೆ. ಚುನಾವಣೆಗೂ ರಸ್ತೆಯ ನಕ್ಷೆಗೂ ಇರುವ ನಂಟನ್ನು ಲೋಕೋಪಯೋಗಿ ಇಲಾಖೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅರಿಝೋನಾದಲ್ಲಿ ಪೆಟ್ರಿಫೈಡ್ ಫಾರೆಸ್ಟ್ ನೋಡಿ. 66ರ ತುಣುಕನ್ನು ಒಳಗೆ ಉಳಿಸಿಕೊಂಡಿರುವ ರಾಷ್ಟ್ರೀಯ ಉದ್ಯಾನ ಅದೊಂದೇ. ಡಾಂಬರು ಹೋಗಿ ಹುಲ್ಲು ಬೆಳೆದ ಜಾಗದಲ್ಲಿ ಸಾಲು ಟೆಲಿಫೋನ್ ಕಂಬಗಳು ಮತ್ತು ತುಕ್ಕು ಹಿಡಿದ 1932ರ ಸ್ಟೂಡಿಬೇಕರ್ ಕಾರು ಮಾತ್ರ ಇವೆ. ಕಾರಿನಿಂದ ಇಳಿದು ಹೆಚ್ಚು ನಡೆಯಬೇಕಾಗಿಲ್ಲ, ತಾಯಿಯವರಿಗೂ ಅನುಕೂಲ. ವಿಲಿಯಮ್ಸ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್ ಅರವತ್ತು ಮೈಲಿ, ಅದಕ್ಕೆ ಒಂದು ದಿನ ಬೇರೆಯೇ ಇಡಿ. ಅಲ್ಲಿಂದ ಮುಂದೆ ಸೆಲಿಗ್ಮನ್. 1978ರ ಸೆಪ್ಟೆಂಬರ್ 22ರಂದು ಹೊಸ ಹೆದ್ದಾರಿ ತೆರೆದ ದಿನವೇ ಈ ಊರಿನ ಬೀದಿ ಬರಿದಾಯಿತು. ಒಂಬತ್ತು ವರ್ಷಗಳ ನಂತರ ಅಲ್ಲಿನ ಕ್ಷೌರಿಕ ಏಂಜೆಲ್ ಡೆಲ್ಗಾಡಿಯೊ ಊರವರನ್ನು ಕೂಡಿಸಿ ಸಂಘ ಕಟ್ಟಿ, ರಾಜ್ಯ ಸರ್ಕಾರ ಈ ರಸ್ತೆಯನ್ನು ಚಾರಿತ್ರಿಕವೆಂದು ಘೋಷಿಸುವಂತೆ ಮಾಡಿದರು. ಇಂದು ಎಂಟು ರಾಜ್ಯಗಳಲ್ಲಿ ಕಾಣುವ ಫಲಕಗಳ ಹಿಂದೆ ಆ ಕ್ಷೌರದಂಗಡಿಯ ಪಾಲು ದೊಡ್ಡದು. ಸೆಲಿಗ್ಮನ್‌ನಿಂದ ಕಿಂಗ್‌ಮನ್‌ವರೆಗಿನ ಸುಮಾರು ತೊಂಬತ್ತು ಮೈಲಿಯಲ್ಲಿ ರಸ್ತೆ ಎಲ್ಲಿಯೂ ತುಂಡಾಗುವುದಿಲ್ಲ, ವಾಹನಗಳೂ ಕಡಿಮೆ. ತಂದೆಯವರ ಕೈಗೆ ಚಕ್ರ ಕೊಡುವುದಾದರೆ ಇಲ್ಲಿಯೇ ಕೊಡಿ.

ಕಿಂಗ್‌ಮನ್ ಆಚೆ ಓಟ್‌ಮನ್‌ಗೆ ಹೋಗುವ ಘಾಟಿ ಮಾತ್ರ ಅವರಿಗೆ ಬೇಡ. ನಿಮಗೆ ಆಗುಂಬೆ ಗೊತ್ತಿದೆ. ತಿರುವುಗಳ ಬಿಗುವಿನಲ್ಲಿ ಅದನ್ನೇ ನೆನಪಿಸುತ್ತದೆ, ಆದರೆ ಮಳೆಯಿಲ್ಲ, ಮರವಿಲ್ಲ, ಹಲವೆಡೆ ತಡೆಗೋಡೆಯೂ ಇಲ್ಲ. ಹಳೆಯ ಕಾರುಗಳಲ್ಲಿ ಪೆಟ್ರೋಲ್ ತೊಟ್ಟಿಯಿಂದ ಎಂಜಿನ್‌ಗೆ ತಾನಾಗಿಯೇ ಇಳಿದು ಹರಿಯಬೇಕಾಗಿತ್ತು. ಕಡಿದಾದ ಏರಿನಲ್ಲಿ ಹರಿವು ನಿಲ್ಲುತ್ತಿದ್ದುದರಿಂದ ಕೆಲವರು ಈ ಘಾಟಿಯನ್ನು ಹಿಮ್ಮುಖವಾಗಿ ಹತ್ತುತ್ತಿದ್ದರಂತೆ. ನನ್ನ ಅತ್ತೆಯವರಿಗೆ ನಡುದಾರಿಯಲ್ಲಿ ವಾಂತಿಯಾಗಿ, ಓಟ್‌ಮನ್‌ನ ಬೀದಿಯಲ್ಲಿ ಅಡ್ಡಾಡುವ ಕತ್ತೆಗಳನ್ನು ಅವರು ಕಾರಿನೊಳಗಿನಿಂದಲೇ ನೋಡಿದರು.

ಗಡಿಯಾರದ ವಿಷಯವನ್ನೂ ಹೇಳಿಬಿಡುತ್ತೇನೆ. ಅರಿಝೋನಾ ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸುವುದಿಲ್ಲ, ಅದರೊಳಗಿನ ನವಾಹೋ ಪ್ರದೇಶ ತಿರುಗಿಸುತ್ತದೆ. ಆ ಸೀಮೆಯಲ್ಲಿ ಫೋನ್ ತೋರಿಸುವ ಗಂಟೆಯನ್ನು ನಂಬಿ ನಾವು ಒಂದು ಕಡೆ ಬಾಗಿಲು ಹಾಕಿದ ಮೇಲೆ ತಲುಪಿದೆವು. ಅಕ್ಟೋಬರ್ ಮೊದಲ ವಾರದಲ್ಲಿ ಅಲ್ಬುಕರ್ಕಿಯ ಬಲೂನ್ ಉತ್ಸವವಿರುವುದರಿಂದ ಕೋಣೆಗಳನ್ನು ಈಗಲೇ ಕಾಯ್ದಿರಿಸಿ.

ಸೇಂಟ್ ಲೂಯಿಯಿಂದ ಒಬ್ಬರು

ಇಲಿನಾಯ್ ಭಾಗವನ್ನು ನಿಮ್ಮ ಸ್ವಂತ ಕಾರಿನಲ್ಲಿ ಒಂದು ವಾರಾಂತ್ಯಕ್ಕೆ ಮುಗಿಸಿಕೊಳ್ಳಿ, ಅದಕ್ಕೆ ರಜೆ ವ್ಯರ್ಥ ಮಾಡಬೇಡಿ. ಪಾಂಟಿಯಾಕ್‌ನ ವಸ್ತುಸಂಗ್ರಹಾಲಯ, ಆಬರ್ನ್ ಬಳಿ 1931ರಲ್ಲಿ ಇಟ್ಟಿಗೆ ಹಾಸಿದ ಒಂದೂವರೆ ಮೈಲಿಯಷ್ಟು ರಸ್ತೆ, ಕೊನೆಗೆ ಮಿಸಿಸಿಪ್ಪಿಯ ಮೇಲಿನ ಚೈನ್ ಆಫ್ ರಾಕ್ಸ್ ಸೇತುವೆ. 1929ರ ಆ ಸೇತುವೆ ನದಿಯ ನಡುವೆ ಮೊಣಕೈಯಂತೆ ಬಾಗಿದೆ. ನೀರೆತ್ತುವ ಗೋಪುರಗಳ ಪಕ್ಕದಲ್ಲಿ ಹಡಗು ತಿರುಗಿಸಲಾಗದು ಎಂದು ನಾವಿಕರು ಆಕ್ಷೇಪಿಸಿದ್ದು ಅದಕ್ಕೊಂದು ಕಾರಣ. ಈಗ ಕಾಲ್ನಡಿಗೆ ಮತ್ತು ಸೈಕಲ್‌ಗೆ ಮಾತ್ರ. ಒಂದು ಮೈಲಿ ಉದ್ದವಿರುವುದರಿಂದ ತಾಯಿಯವರು ಬಾಗಿದ ಜಾಗದವರೆಗೆ ಹೋಗಿ ಮರಳಿದರೂ ಸಾಕು.

ನ್ಯಾಶ್‌ವಿಲ್‌ನಿಂದ ಒಬ್ಬರು

ಎಲ್ಲರೂ 66 ಎನ್ನುತ್ತಿರುವಾಗ ಭಿನ್ನಮತ ಹೇಳುವುದಕ್ಕೆ ಕ್ಷಮೆಯಿರಲಿ. ವಯಸ್ಸಾದವರೊಂದಿಗೆ ಚಾರಿತ್ರಿಕ ರಸ್ತೆಯೇ ಬೇಕೆಂದರೆ ನ್ಯಾಚೆಝ್ ಟ್ರೇಸ್ ಪಾರ್ಕ್‌ವೇ ನೋಡಿ. ಮಿಸಿಸಿಪ್ಪಿಯ ನ್ಯಾಚೆಝ್‌ನಿಂದ ನ್ಯಾಶ್‌ವಿಲ್ ಬಳಿಯವರೆಗೆ 444 ಮೈಲಿ, ಲಾರಿಗಳಿಲ್ಲ, ಜಾಹೀರಾತು ಫಲಕಗಳಿಲ್ಲ, ಹೆಚ್ಚಿನ ಕಡೆ ವೇಗದ ಮಿತಿ 50 ಮೈಲಿ. ದಾರಿ ತಪ್ಪುವ ಪ್ರಶ್ನೆಯೇ ಇಲ್ಲ. ಮೂಲದಲ್ಲಿ ಅದು ಮೂಲನಿವಾಸಿಗಳ ಕಾಲುದಾರಿ; ಪೋರ್ಟ್ ಗಿಬ್ಸನ್ ಸಮೀಪ ಶತಮಾನಗಳ ಹೆಜ್ಜೆಗೆ ನೆಲವೇ ಆಳಕ್ಕೆ ಕುಸಿದಿರುವುದನ್ನು ನೋಡಬಹುದು. ಉತ್ತರದ ತುದಿಯಲ್ಲಿ 1994ರ ಎರಡು ಕಮಾನುಗಳ ಕಾಂಕ್ರೀಟ್ ಸೇತುವೆಯಿದೆ, ತಂದೆಯವರು ಅಲ್ಲಿಂದ ಏಳುವುದು ಕಷ್ಟ. ಪಾರ್ಕ್‌ವೇಯ ಮೇಲೆ ಪೆಟ್ರೋಲ್ ಸಿಗುವುದಿಲ್ಲ, ಪಕ್ಕದ ಊರಿಗೆ ಇಳಿಯಬೇಕು. ನಾಲ್ಕು ದಿನ ಸಾಕು.

ಅಮರಿಲ್ಲೊದಿಂದ ಒಬ್ಬರು

ಊಟದ ಮಾತನ್ನು ಯಾರೂ ಎತ್ತಿಲ್ಲ. ಚಿಕ್ಕ ಅನ್ನದ ಕುಕ್ಕರ್, ಅವಲಕ್ಕಿ, ಚಟ್ನಿಪುಡಿ, ಮೊಸರಿಗೆ ಐಸ್ ಪೆಟ್ಟಿಗೆ ಇಷ್ಟಿದ್ದರೆ ಅರ್ಧ ಚಿಂತೆ ಕಳೆಯಿತು. ಮೆಕ್ಸಿಕನ್ ಹೋಟೆಲಿನಲ್ಲಿ ಬೀನ್ಸ್ ಕಾಳಿನ ಪಲ್ಯ ಸಸ್ಯಾಹಾರವೆಂದು ನಂಬಬೇಡಿ, ಹಂದಿಯ ಕೊಬ್ಬು ಹಾಕುವ ರೂಢಿಯಿದೆ. ನ್ಯೂ ಮೆಕ್ಸಿಕೋದ ಹಸಿರು ಮೆಣಸಿನಕಾಯಿ ಸಾಸ್‌ನಲ್ಲಿಯೂ ಮಾಂಸ ಇರಬಹುದು, ಬಾಯಿಬಿಟ್ಟು ಕೇಳಿ. ನಲವತ್ತನೇ ಅಂತರರಾಜ್ಯ ಹೆದ್ದಾರಿಯ ಲಾರಿ ನಿಲ್ದಾಣಗಳಲ್ಲಿ ಪಂಜಾಬಿ ಚಾಲಕರಿಗಾಗಿ ಹುಟ್ಟಿದ ಢಾಬಾಗಳಿವೆ. ಬಿಸಿ ರೊಟ್ಟಿ, ದಾಲ್ ಸಿಗುತ್ತದೆ. ಅದಕ್ಕಾಗಿ ಹಳೆಯ ರಸ್ತೆ ಬಿಟ್ಟು ಹೋಗುವುದು ಪಾಪವಲ್ಲ. ಹಳೆಯ ಮೋಟೆಲುಗಳನ್ನು ಹಲವು ಕಡೆ ಗುಜರಾತಿ ಕುಟುಂಬಗಳೇ ನಡೆಸುತ್ತಿವೆ. ಒಂದು ಊರಿನಲ್ಲಿ ನಮ್ಮ ಕುಕ್ಕರ್ ಕೆಟ್ಟಾಗ ಮಾಲೀಕರ ಮನೆಯಿಂದ ಖಿಚಡಿಯೇ ಬಂದಿತ್ತು. ಆದರೂ ಕೋಣೆ ನೋಡದೆ ಹಣ ಕೊಡಬೇಡಿ. ನಿಯಾನ್ ದೀಪದ ಚೆಲುವಿಗೆ ಮರುಳಾಗಿ ನಾವು ಹಿಡಿದ ಒಂದು ಕೋಣೆಯಲ್ಲಿ ರಾತ್ರಿಯಿಡೀ ಬಿಸಿನೀರಿರಲಿಲ್ಲ.

ತಂದೆಯವರು ಊರಿನಲ್ಲಿರುವಾಗಲೇ ಆರ್‌ಟಿಓ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಲಿ, ಮೂಲ ಪರವಾನಗಿಯೂ ಜೊತೆಗಿರಲಿ, ಬಾಡಿಗೆ ಕರಾರಿನಲ್ಲಿ ಅವರ ಹೆಸರನ್ನು ಎರಡನೇ ಚಾಲಕರೆಂದು ಸೇರಿಸಿ. ಹಳದಿ ಶಾಲಾ ಬಸ್ಸು ಕೆಂಪು ದೀಪ ಹಾಕಿ ನಿಂತಾಗ ನಿಲ್ಲಲೇಬೇಕೆಂಬುದನ್ನು ಮೊದಲೇ ಹೇಳಿಕೊಡಿ. ಟೆಕ್ಸಸ್ ಗಡಿಯ ಗ್ಲೆನ್ರಿಯೊ ಎಂಬ ಪಾಳುಬಿದ್ದ ಊರನ್ನು ನೋಡಿದ ಮೇಲೆ ಅಂತರರಾಜ್ಯ ಹೆದ್ದಾರಿಗೆ ಮರಳಿ, ಏಕೆಂದರೆ ಮುಂದಿನ ಹಳೆಯ ದಾರಿ ಜಲ್ಲಿಮಣ್ಣಿನದು. ಬಾಡಿಗೆ ಕಾರಿನ ವಿಮೆ ಅಲ್ಲಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಸಲಹೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಪೂರ್ತಿ ದಾರಿಯ ಆಸೆ ಬಿಟ್ಟಿದ್ದೇವೆ. ಮೊದಲ ವಾರಾಂತ್ಯ ಸ್ವಂತ ಕಾರಿನಲ್ಲಿ ಇಲಿನಾಯ್ ಮತ್ತು ಬಾಗಿದ ಸೇತುವೆ. ಆಮೇಲೆ ವಿಮಾನದಲ್ಲಿ ಟಲ್ಸಾಕ್ಕೆ ಹೋಗಿ, ಬಾಡಿಗೆ ಕಾರಿನಲ್ಲಿ ಹನ್ನೊಂದು ದಿನ ನಿಧಾನವಾಗಿ ಕಿಂಗ್‌ಮನ್ ತಲುಪಿ, ಲಾಸ್ ವೇಗಾಸ್‌ನಲ್ಲಿ ಕಾರು ಒಪ್ಪಿಸಿ ಮರಳುವುದೆಂದು ನಿಶ್ಚಯಿಸಿದ್ದೇವೆ. ಓಟ್‌ಮನ್ ಘಾಟಿ ಇಲ್ಲ. ನ್ಯಾಚೆಝ್ ಮುಂದಿನ ಬಾರಿಗೆ. ನಿನ್ನೆ ಫೋನಿನಲ್ಲಿ ತಂದೆಯವರಿಗೆ ಒಂಬತ್ತು ಅಡಿ ರಸ್ತೆಯ ವಿಷಯ ಹೇಳಿದೆ. ಎದುರಿನಿಂದ ಗಾಡಿ ಬಂದರೆ ಯಾರು ಮಣ್ಣಿಗಿಳಿಯುತ್ತಿದ್ದರು, ಭಾರ ಹೊತ್ತವನೋ ಖಾಲಿ ಬಂದವನೋ ಎಂದು ಕೇಳಿದ್ದಾರೆ. ಟಲ್ಸಾದವರಿಗೆ ತಿಳಿದಿದ್ದರೆ ದಯವಿಟ್ಟು ಬರೆಯಿರಿ.