ಆಯಿ-ಅಪ್ಪ ಫೀನಿಕ್ಸ್‌ಗೆ ಬರ್ತಿದ್ದಾರೆ, ಗೇಟಿನ ಹತ್ತಿರ ರ‍್ಯಾಟಲ್‌ಸ್ನೇಕ್. ಇಲ್ಲಿ ಇದ್ದು ಅಭ್ಯಾಸ ಇರೋರು ಹೇಳಿ

ಶಿರಸಿ ಸಂಪಿಗೆ:

ಎಲ್ಲರಿಗೂ ನಮಸ್ಕಾರ. ನಾವಿರೋದು ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನ ಅಹ್ವಾಟುಕಿಯಲ್ಲಿ, ಹಿತ್ತಲ ಗೋಡೆ ದಾಟಿದರೆ ಸೌತ್ ಮೌಂಟನ್ ಪಾರ್ಕ್. ಈ ಮನೆಗೆ ಬಂದ ಮೇಲೆ ಇದೇ ಮೊದಲ ಬೇಸಿಗೆ. ಹೋದ ವಾರ ರಾತ್ರಿ ನನ್ನ ಗಂಡ ಕಸದ ಡಬ್ಬಿ ಹೊರಗಿಡೋಕೆ ಹೋದಾಗ ಪಕ್ಕದ ಗೇಟಿನ ಬುಡದಲ್ಲಿ ರ‍್ಯಾಟಲ್‌ಸ್ನೇಕ್, ಅಂದ್ರೆ ಬಾಲದಲ್ಲಿ ಗಿಲಕಿ ಇರೋ ವಿಷದ ಹಾವು, ಸುರುಳಿ ಸುತ್ತಿ ಕೂತಿತ್ತು. ಫೋನಿನ ಬೆಳಕು ಬಿದ್ದರೂ ಅಲ್ಲಾಡಲಿಲ್ಲ, ಶಬ್ದವೂ ಮಾಡಲಿಲ್ಲ. ಫೋಟೋ ನೋಡಿ ಪಕ್ಕದ ಮನೆಯವರು ಅದರಲ್ಲೇ ಒಂದು ಜಾತಿ, ಡೈಮಂಡ್‌ಬ್ಯಾಕ್ ಅಂದರು. ಬೆಳಿಗ್ಗೆ ಅಲ್ಲಿರಲಿಲ್ಲ. ಎಲ್ಲಿಗೆ ಹೋಯ್ತು ಅನ್ನೋದೇ ಈಗ ನನ್ನ ತಲೆಬಿಸಿ.

ಜುಲೈನಲ್ಲಿ ಆಯಿ-ಅಪ್ಪ ಬರ್ತಾರೆ, ಅಕ್ಟೋಬರ್‌ವರೆಗೆ ಇರ್ತಾರೆ. ಆಯಿ ಬೆಳಕು ಹರಿಯೋ ಮೊದಲೇ ಬರಿಗಾಲಲ್ಲಿ ಹೂ ಕೊಯ್ಯೋಕೆ ಹೋಗೋರು, ಬಿದ್ದ ಎಲೆಯನ್ನೆಲ್ಲ ಕೈಯಲ್ಲೇ ಬಾಚಿ ಗಿಡದ ಬುಡಕ್ಕೆ ಹಾಕೋರು. ಅಪ್ಪ ಅಡಿಕೆ ತೋಟದಲ್ಲೇ ಜೀವನ ಕಳೆದವರು. ಅವರಿಗೆ ಹಾವಿನ ಹೆದರಿಕೆ ಇಲ್ಲ, ನನಗೆ ಅದೇ ಹೆದರಿಕೆ.

ಗಿಲಕಿ ಬಾರಿಸಿ ಎಚ್ಚರಿಸುತ್ತಲ್ಲ ಅಂತ ಎಲ್ಲರೂ ಸಮಾಧಾನ ಹೇಳ್ತಾರೆ. ಅದನ್ನು ನಂಬಬಹುದಾ? ಊರಲ್ಲಿ ಹಾವಿಗೆ ನಾಟಿ ಔಷಧಿ ಕೊಡೋರೊಬ್ಬರಿದ್ದಾರೆ, ಬರುವಾಗ ಕಟ್ಟಿಸಿಕೊಂಡು ಬರ್ತೀನಿ ಅಂತಿದ್ದಾರೆ ಆಯಿ. ಏನು ಹೇಳಲಿ?

ಜಯನಗರ ಫೋರ್ತ್ ಬ್ಲಾಕ್:

ಬೆಳ್ಳುಳ್ಳಿ ಜಜ್ಜಿ ಇಂಗಿನ ನೀರಲ್ಲಿ ಕಲಸಿ ಕಾಂಪೌಂಡ್ ಸುತ್ತ ಸಿಂಪಡಿಸಿ. ನ್ಯಾಫ್ತಲೀನ್ ಗುಳಿಗೆಯೂ ಆಗುತ್ತೆ. ನಮ್ಮತ್ತೆ ಗ್ಯಾರಂಟಿ ಕೊಡ್ತಾರೆ.

ತೀರ್ಥಹಳ್ಳಿ ಸರ್ವೆಯರ್:

ಫೋರ್ತ್ ಬ್ಲಾಕ್‌ನೋರೇ, ನಿಮ್ಮತ್ತೆಯವರಿಗೆ ನಮಸ್ಕಾರ. ನಮ್ಮನೇಲೂ ಮಳೆಗಾಲ ಹಿಡಿದರೆ ಕೊಟ್ಟಿಗೆ ಸುತ್ತ ಬೆಳ್ಳುಳ್ಳಿ ನೀರು ಎರಚೋರು. ಹಾವು ಅದರ ಮೇಲೇ ಹಾದು ಹೋಗ್ತಿತ್ತು. ನ್ಯಾಫ್ತಲೀನ್ ಅಂತೂ ಹಾವಿಗಿಂತ ಮನೆಯ ಮಗುವಿಗೆ, ನಾಯಿಗೆ ಅಪಾಯ. ಇಲ್ಲಿನ ಅಂಗಡಿಯಲ್ಲಿ ಹಾವು ಓಡಿಸೋಕೆ ಅಂತ ಮಾರೋ ಪುಡಿಗಳಲ್ಲೂ ಅದೇ ನ್ಯಾಫ್ತಲೀನ್, ಗಂಧಕ. ದುಡ್ಡು ದಂಡ.

ಶಿರಸಿಯವರೇ, ನಾನು ಇಲ್ಲಿ ಸರ್ವೆ ಕೆಲಸ ಮಾಡೋನು. ಗಿಲಾ ಬೆಂಡ್, ಬಕ್‌ಐ ಕಡೆ ಸೋಲಾರ್ ಪ್ಲಾಂಟ್ ಬರೋ ಜಾಗದಲ್ಲಿ ಗೂಟ ಹೊಡೆಯೋದು, ಲೆವೆಲ್ ತಗೊಳ್ಳೋದು. ಅರಿಜೋನಾದಲ್ಲಿ 13 ಜಾತಿ ರ‍್ಯಾಟಲ್‌ಸ್ನೇಕ್ ಇವೆ, ಅಮೆರಿಕದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ನಮ್ಮ ಕೆಲಸದ ಬಯಲಲ್ಲಿ ಸಿಗೋದು ಹೆಚ್ಚಾಗಿ ಡೈಮಂಡ್‌ಬ್ಯಾಕ್ ಮತ್ತು ಮೊಹಾವಿ. ನಿಮ್ಮ ಗುಡ್ಡದಲ್ಲಿ ಡೈಮಂಡ್‌ಬ್ಯಾಕ್ ಜೊತೆ ಸ್ಪೆಕಲ್ಡ್ ಅನ್ನೋದೂ ಇದೆ. ಅಲ್ಲಿನ ಕಲ್ಲಿನ ಬಣ್ಣವೇ ಅದರ ಬಣ್ಣ, ಕಾಲ ಬುಡದಲ್ಲಿದ್ದರೂ ಕಾಣಲ್ಲ.

ಶಬ್ದದ ವಿಷಯಕ್ಕೆ ನೇರವಾಗಿ ಹೇಳ್ತೀನಿ: ನಂಬಬೇಡಿ. ಈ ಹಾವಿನ ಮೊದಲ ಉಪಾಯ ಅಲ್ಲಾಡದೆ ಕೂರೋದು. ಮಣ್ಣಿನ ಬಣ್ಣ, ಮಣ್ಣಿನ ಮೇಲೆ ಸುರುಳಿ, ನೋಡಿದವರು ಯಾರೂ ಇಲ್ಲ ಅಂದರೆ ಅದಕ್ಕೆ ಅಷ್ಟೇ ಸಾಕು. ತನ್ನನ್ನು ಕಂಡುಹಿಡಿದರು, ಇನ್ನು ಉಳಿಗಾಲವಿಲ್ಲ ಅನಿಸಿದಾಗ ಬಾಲ ಎತ್ತುತ್ತೆ. ನಿಮ್ಮ ಯಜಮಾನರಿಗೆ ಅದು ಸದ್ದು ಮಾಡದೇ ಇದ್ದದ್ದು ಅಪರೂಪವೇನಲ್ಲ, ಅದೇ ಮಾಮೂಲು. ಸದ್ದು ಮಾಡಿದಾಗಲೂ ಸಿನಿಮಾದಲ್ಲಿ ಕೇಳಿದ ಹಾಗೆ ಗಿಲ್ ಗಿಲ್ ಅನ್ನಲ್ಲ, ಒತ್ತಡದ ನೀರಿನ ಪೈಪು ಬಿರುಕು ಬಿಟ್ಟ ಹಾಗೆ ಒಂದೇ ಸಮ ಸುಯ್ಯ್ ಅನ್ನುತ್ತೆ. ಯಾವ ದಿಕ್ಕಿಂದ ಬಂತು ಅಂತ ಗೊತ್ತಾಗಲ್ಲ. ಆವಾಗ ಮಾಡಬೇಕಾದ್ದು ನಿಂತಲ್ಲೇ ನಿಂತು ಕಣ್ಣಲ್ಲಿ ಹುಡುಕೋದು, ಕಂಡ ಮೇಲೆ ಹಿಂದೆ ಸರಿಯೋದು. ಎಗರಿದರೆ ಅದರ ಮೇಲೇ ಎಗರಬಹುದು.

ಇನ್ನೊಂದು. ಮರಿಗಳು ಹುಟ್ಟೋದು ಜುಲೈಯಿಂದ ಸೆಪ್ಟೆಂಬರ್ ಒಳಗೆ, ಸರಿಯಾಗಿ ನಿಮ್ಮ ಆಯಿ ಇಲ್ಲಿರೋ ಹೊತ್ತಿಗೆ. ನಮ್ಮೂರ ಕೊಳಕುಮಂಡಲದ ಹಾಗೆ ಇದೂ ಮೊಟ್ಟೆ ಇಡಲ್ಲ, ಮರಿ ಹಾಕುತ್ತೆ. ಹುಟ್ಟಿದ ಮರಿಯ ಬಾಲದಲ್ಲಿ ಒಂದೇ ಒಂದು ಗುಂಡಿ ಇರುತ್ತೆ, ತಿಕ್ಕಾಡೋಕೆ ಇನ್ನೊಂದು ಉಂಗುರವೇ ಇಲ್ಲದ ಮೇಲೆ ಸದ್ದೆಲ್ಲಿಂದ ಬರಬೇಕು? ಪೊರೆ ಬಿಟ್ಟ ಹಾಗೆಲ್ಲ ಒಂದೊಂದು ಉಂಗುರ ಸೇರುತ್ತೆ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪೊರೆ ಬಿಡಬಹುದು, ತುದಿ ಮುರಿದೂ ಹೋಗುತ್ತೆ. ಉಂಗುರ ಎಣಿಸಿ ವಯಸ್ಸು ಹೇಳೋರು ಸುಮ್ಮನೆ ಬುರುಡೆ ಬಿಡ್ತಾರೆ. ಮರಿಗೆ ಹಲ್ಲೂ ಇದೆ, ವಿಷವೂ ಇದೆ.

ಒಂದು ಘಟನೆ ಹೇಳ್ತೀನಿ, ಯಾಕಂದ್ರೆ ನಿಮ್ಮ ಹಿತ್ತಲಿಗೂ ಅನ್ವಯಿಸುತ್ತೆ. ಕೇಬಲ್ ಹಾದುಹೋಗೋ ಕಡೆ ನೆಲದಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆ ಹೂತಿರ್ತಾರೆ, ಮೇಲೆ ಹಸಿರು ಮುಚ್ಚಳ. ಮೂಲೆಯಲ್ಲಿ ಬೆರಳು ತೂರಿಸಿ ಎತ್ತೋಕೆ ಒಂದು ತೂತು. ನಮ್ಮ ಪಾರ್ಟಿ ಚೀಫ್, ಅಂದ್ರೆ ಸರ್ವೆ ತಂಡದ ಮುಖ್ಯಸ್ಥ, ಮೆಕ್ಸಿಕೋದ ಸೊನೊರಾ ಕಡೆಯ ಹಿರಿಯ. ಆ ತೂತಿಗೆ ಯಾರೂ ಬೆರಳು ಹಾಕಕೂಡದು, ಉದ್ದನೆ ಕೊಕ್ಕೆಯಲ್ಲಿ ಆಚೆ ಕಡೆಯ ಅಂಚು ಎತ್ತಬೇಕು, ಮುಚ್ಚಳ ನಮಗೂ ಪೆಟ್ಟಿಗೆಗೂ ನಡುವೆ ಗುರಾಣಿ ಆಗಿರಬೇಕು ಅನ್ನೋದು ಅವರ ಕಟ್ಟಪ್ಪಣೆ. ಒಂದು ಬೆಳಿಗ್ಗೆ ಹಾಗೆ ಎತ್ತಿದರೆ ಒಳಗೆ ಡೈಮಂಡ್‌ಬ್ಯಾಕ್. ಪೆಟ್ಟಿಗೆಯ ನಾಲ್ಕು ಗೋಡೆಗೂ ಮೈ ಒತ್ತಿ ಕೂತಿತ್ತು, ತಲೆ ಸರಿಯಾಗಿ ಆ ತೂತಿನ ಕೆಳಗೆ. ಬೆನ್ನೆಲ್ಲ ಧೂಳು ಮೆತ್ತಿ ವಜ್ರದ ಗುರುತು ಮಸುಕಾಗಿತ್ತು. ಎದ್ದು ಕಾಣ್ತಿದ್ದದ್ದು ಬಾಲದ ಕಪ್ಪು-ಬಿಳಿ ಪಟ್ಟೆ ಮಾತ್ರ, ಎರಡೂ ಸಮ ಅಗಲ. ಮೊಹಾವಿ ಆಗಿದ್ದರೆ ಬಿಳಿ ಪಟ್ಟೆ ಅಗಲ ಇರೋದು. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದೊಂದು ಕುಳಿ, ಬಿಸಿ ರಕ್ತದ ಇಲಿಯನ್ನು ಕತ್ತಲಲ್ಲಿ ಗುರುತಿಸೋದು ಅದರಿಂದಲೇ. ನಮ್ಮ ಮಲೆನಾಡಿನ ಮಲಬಾರ್ ಪಿಟ್ ವೈಪರ್ ಇದರದ್ದೇ ಬಳಗ, ಅದಕ್ಕೂ ಆ ಕುಳಿ ಇದೆ. ನಾಲಿಗೆ ಎರಡು ಸಲ ಹೊರಗೆ ಬಂತು, ನಿಧಾನಕ್ಕೆ. ಸದ್ದಿಲ್ಲ. ಬೆರಳು ಹಾಕಿದ್ದರೆ ಅದಕ್ಕೆ ಗೊತ್ತಾಗೋದು ಒಂದು ಬಿಸಿ ವಸ್ತು ಮುಖದ ಮೇಲೆ ಬಂತು ಅಂತಷ್ಟೇ.

ನಿಮ್ಮ ಹಿತ್ತಲಲ್ಲೂ ಡ್ರಿಪ್ ನೀರಿನ ವಾಲ್ವ್ ಇರೋ ಹಸಿರು ಮುಚ್ಚಳದ ಪೆಟ್ಟಿಗೆ ಇದ್ದೇ ಇರುತ್ತೆ. ತಂಪು, ತೇವ, ಕತ್ತಲೆ. ಗೇಟಿನ ಹತ್ತಿರ ಇದ್ದದ್ದು ಎಲ್ಲಿಗೆ ಹೋಯ್ತು ಅಂದ್ರೆ ನಾನು ಮೊದಲು ನೋಡೋದು ಅಲ್ಲಿ, ಆಮೇಲೆ ಎಸಿ ಯೂನಿಟ್ಟಿನ ಹಿಂದೆ, ಆಮೇಲೆ ಗ್ರಿಲ್ ಕೆಳಗೆ. ಬಹುಶಃ ಬಂದ ದಾರಿಯಲ್ಲೇ ಗುಡ್ಡಕ್ಕೆ ಹೋಗಿರುತ್ತೆ.

ನಿಮ್ಮ ಅಪ್ಪನ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಸೋಗೆ ರಾಶಿಗೆ ಕೈ ಹಾಕೋ ಮುಂಚೆ ಕೋಲಲ್ಲಿ ತಟ್ಟೋದು, ರಾತ್ರಿ ಬ್ಯಾಟರಿ ಇಲ್ಲದೆ ಅಂಗಳಕ್ಕೆ ಇಳಿಯದಿರೋದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಅಭ್ಯಾಸ ಇಲ್ಲೂ ಸಾಕು: ಕಣ್ಣು ಹೋಗದ ಕಡೆ ಕೈ ಕಾಲು ಹೋಗಕೂಡದು. ಆದರೆ ಹೊಡೆಯೋಕೆ ಮಾತ್ರ ಬಿಡಬೇಡಿ. ಅದು ಚಾಚಿ ಕಡಿಯೋದು ತನ್ನ ಉದ್ದದ ಅರ್ಧದಷ್ಟು ದೂರ, ನಾಲ್ಕಡಿ ಹಾವಿಗೆ ಎರಡಡಿ. ಆರಡಿ ದೂರ ನಿಂತವನಿಗೆ ಅಪಾಯವಿಲ್ಲ, ಸಲಿಕೆ ಹಿಡಿದು ಹತ್ತಿರ ಹೋದವನಿಗೆ ಇದೆ. ಕತ್ತರಿಸಿದ ತಲೆಯೂ ಸುಮಾರು ಹೊತ್ತು ಕಚ್ಚುತ್ತೆ. ಅದೂ ಅಲ್ಲದೆ ಇಲ್ಲಿನ ಕೆಲವು ಜಾತಿಗಳಿಗೆ ಕಾನೂನಿನ ರಕ್ಷಣೆ ಇದೆ. ದೂರದಿಂದ ಒಬ್ಬರು ಕಣ್ಣಿಟ್ಟಿರಿ, ಇನ್ನೊಬ್ಬರು ಹಾವು ಹಿಡಿಯೋರಿಗೆ ಫೋನ್ ಮಾಡಿ. ಕೆಲವು ಕಡೆ ಫೈರ್ ಡಿಪಾರ್ಟ್‌ಮೆಂಟಿನವರೂ ಬರ್ತಾರೆ, ನಿಮ್ಮ ಏರಿಯಾದಲ್ಲಿ ಬರ್ತಾರಾ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಗೋಫರ್ ಸ್ನೇಕ್ ಅಂತ ಒಂದು ಬಡಪಾಯಿ ಇದೆ, ವಿಷವಿಲ್ಲ. ಹೆದರಿಸಿದರೆ ತಲೆ ಚಪ್ಪಟೆ ಮಾಡಿ ಬುಸುಗುಟ್ಟಿ ಒಣಗೆಲೆಯಲ್ಲಿ ಬಾಲ ಬಡಿಯುತ್ತೆ, ರ‍್ಯಾಟಲ್‌ಸ್ನೇಕೇ ಅಂದುಕೊಂಡು ಜನ ಕೊಲ್ತಾರೆ. ಇಲಿ ತಿನ್ನೋ ಪ್ರಾಣಿ, ಅದಿದ್ದರೆ ನಿಮಗೇ ಒಳ್ಳೇದು.

ಆಯಿಗೆ ಒಂದು ಜೊತೆ ಮುಚ್ಚಿದ ಶೂ, ಎಲೆ ಬಾಚೋಕೆ ಉದ್ದ ಹಿಡಿಯ ಕುಂಟೆ. ಬೇಸಿಗೆಯಲ್ಲಿ ಹಗಲು ಬಿಸಿಲು ತಡೆಯಲಾರದೆ ಹಾವು ಓಡಾಡೋದು ರಾತ್ರಿ ಮತ್ತು ನಸುಕಿನಲ್ಲಿ, ಅಂದ್ರೆ ಅವರು ಹೂ ಕೊಯ್ಯೋ ಹೊತ್ತಲ್ಲೇ. ಪೂಜೆ ಅರ್ಧ ಗಂಟೆ ತಡ ಆದರೆ ದೇವರೇನೂ ಅಂದುಕೊಳ್ಳಲ್ಲ.

ದಾವಣಗೆರೆ ಬೆಣ್ಣೆ:

ಸರ್ವೆಯರ್ ಅಣ್ಣ ಹೇಳಿದ್ದು ಸರಿ ಇದೆ. ನಾನು ಟೂಸಾನ್‌ನಲ್ಲಿ ಆಸ್ಪತ್ರೆ ಫಾರ್ಮಸಿಸ್ಟ್, ಔಷಧಿ ಭಾಗ ನಾನು ಹೇಳ್ತೀನಿ ಅಕ್ಕ.

ನಾಟಿ ಔಷಧಿ ಬೇಡ. ನಮ್ಮ ದೇಶದ ವಿಷನಿವಾರಕ ಇಂಜೆಕ್ಷನ್, ಅಂದ್ರೆ ಆ್ಯಂಟಿವೆನಮ್ ತಂದರೂ ಪ್ರಯೋಜನ ಇಲ್ಲ, ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಇಲ್ಲಿ ಬಳಸೋದು ಎರಡು: ಕುರಿಯ ರಕ್ತದಿಂದ ತಯಾರಾಗೋ ಕ್ರೋಫ್ಯಾಬ್, ಕುದುರೆಯದ್ದರಿಂದ ತಯಾರಾಗೋ ಅನಾವಿಪ್. ಮೊದಲನೆಯದು ಶುರುವಿಗೆ 4ರಿಂದ 6 ವಯಲ್ (ಸಣ್ಣ ಸೀಸೆ), ಎರಡನೆಯದು 10. ಊತ ನಿಲ್ಲದಿದ್ದರೆ ಮತ್ತೆ ಮತ್ತೆ. ಒಂದೊಂದು ವಯಲ್‌ಗೆ ಆಸ್ಪತ್ರೆ ಹಾಕೋ ಬಿಲ್ ಸಾವಿರಾರು ಡಾಲರ್. ಆದ್ದರಿಂದ ದಯವಿಟ್ಟು ಇವತ್ತೇ ಅಪ್ಪ-ಅಮ್ಮನ ವಿಸಿಟರ್ ಇನ್ಶೂರೆನ್ಸ್ ತೆಗೆದು ಓದಿ. ಇಂತಿಷ್ಟೇ ಅಂತ ಮೊದಲೇ ಗೊತ್ತುಮಾಡಿದ ಮೊತ್ತ ಕೊಡೋ ಅಗ್ಗದ ಫಿಕ್ಸೆಡ್ ಬೆನಿಫಿಟ್ ಪ್ಲಾನ್ ಆಗಿದ್ದರೆ ಇಂಥಾ ಬಿಲ್‌ನಲ್ಲಿ ಅದು ಕೊಡೋದು ಚಿಲ್ಲರೆ. ಕಾಂಪ್ರಿಹೆನ್ಸಿವ್ ತಗೊಳ್ಳಿ.

ಕಚ್ಚಿದರೆ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ. ಕುಯ್ಯಬೇಡಿ, ಹೀರಬೇಡಿ, ಬಟ್ಟೆ ಬಿಗಿಯಬೇಡಿ, ಐಸ್ ಇಡಬೇಡಿ, ಹಾವು ಹಿಡಿದು ತರಬೇಡಿ. ಬಳೆ, ಉಂಗುರ, ಕಾಲುಂಗುರ ತಕ್ಷಣ ತೆಗೀರಿ. ಇದಕ್ಕೆ ನಮ್ಮ ಅಮ್ಮಂದಿರು ಒಪ್ಪಲ್ಲ, ಒಪ್ಪಿಸಿ. ಅರ್ಧ ಗಂಟೆಯಲ್ಲಿ ಬೆರಳು ಊದಿಕೊಂಡರೆ ಉಂಗುರವನ್ನು ಕತ್ತರಿಸಿಯೇ ತೆಗೀಬೇಕಾಗುತ್ತೆ. ಊತ ಎಲ್ಲಿವರೆಗೆ ಬಂದಿದೆ ಅಂತ ಪೆನ್ನಲ್ಲಿ ಗೆರೆ ಎಳೆದು ಪಕ್ಕ ಟೈಮ್ ಬರೀರಿ, ಡಾಕ್ಟರಿಗೆ ಅದು ಬಹಳ ಉಪಯೋಗ. ನೋವಿಗೆ ಅಂತ ಆಸ್ಪಿರಿನ್, ಐಬುಪ್ರೊಫೇನ್ ಕೊಡಬೇಡಿ, ಈ ವಿಷ ಮೊದಲೇ ರಕ್ತ ಹೆಪ್ಪುಗಟ್ಟೋದನ್ನು ಕೆಡಿಸುತ್ತೆ. ಅಪ್ಪ ಹಾರ್ಟಿಗೆ ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ದರೆ ಹೆಸರು ಬರೆದು ಫ್ರಿಜ್ ಮೇಲೆ ಅಂಟಿಸಿ. ಕೆಲವು ಕಡಿತದಲ್ಲಿ ವಿಷ ಇಳಿದಿರೋದೇ ಇಲ್ಲ, ಆದರೆ ಅದನ್ನು ಆಸ್ಪತ್ರೆಯಲ್ಲಿ ಗಂಟೆಗಟ್ಟಲೆ ನೋಡಿ ತೀರ್ಮಾನಿಸಬೇಕು, ಮನೆಯಲ್ಲಲ್ಲ. ಡಿಸ್ಚಾರ್ಜ್ ಆದ ಮೇಲೂ ಕೆಲವರಿಗೆ ರಕ್ತ ಹೆಪ್ಪುಗಟ್ಟಿಸೋ ಕಣ, ಅಂದ್ರೆ ಪ್ಲೇಟ್‌ಲೆಟ್ ಮತ್ತೆ ಇಳಿಯುತ್ತೆ, ರಕ್ತಪರೀಕ್ಷೆಗೆ ಕರೆದಾಗ ತಪ್ಪಿಸಬಾರದು. ವಿಮಾನ ಹತ್ತೋ ದಿನ ಹತ್ತಿರ ಇದ್ದರೆ ಇದು ನೆನಪಿರಲಿ. ವಿಷದ ಬಗ್ಗೆ ಸಲಹೆ ಕೊಡೋ ಪಾಯಿಸನ್ ಕಂಟ್ರೋಲ್ ನಂಬರ್ 1-800-222-1222, ಹಗಲು ರಾತ್ರಿ ಎತ್ತುತ್ತಾರೆ.

ಸ್ವಲ್ಪ ಧೈರ್ಯಕ್ಕೆ: ಈ ದೇಶದಲ್ಲಿ ವರ್ಷಕ್ಕೆ 7,000ದಿಂದ 8,000 ಜನಕ್ಕೆ ವಿಷದ ಹಾವು ಕಚ್ಚುತ್ತೆ, ಸಾಯೋರು ಸುಮಾರು 5 ಜನ. ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಸಾವು ಅನ್ನೋ ಅಂದಾಜು 2020ರಲ್ಲಿ ಬಂತು. ನಮ್ಮ ಹಾವಿನ ವಿಷವೇ ಅಷ್ಟು ಘೋರ ಅಂತಲ್ಲ. ಹೊಲಕ್ಕೂ ಆಸ್ಪತ್ರೆಗೂ ಇರೋ ದೂರ, ನಡುವೆ ಮಂತ್ರ ಹಾಕಿಸೋಕೆ ಕಳೆಯೋ ಹೊತ್ತು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರತಿ ಕೇಸನ್ನೂ ವರದಿ ಮಾಡಲೇಬೇಕು ಅಂತ ಮಾಡಿತು, ತಡವಾದರೂ ಒಳ್ಳೇ ಕೆಲಸ.

ಅಂದ ಹಾಗೆ, ಮನೆ ಒಳಗೆ ನಿಮ್ಮ ಆಯಿಗೆ ಸಿಗೋ ಸಾಧ್ಯತೆ ಹಾವಿಗಿಂತ ಚೇಳಿಗೆ ಜಾಸ್ತಿ. ಯುವಿ ಟಾರ್ಚ್ ಒಂದು ತಗೊಳ್ಳಿ, ಗೋಡೆಗೆ ಹಿಡಿದರೆ ಹಸಿರಾಗಿ ಹೊಳೀತಾವೆ.

ಶಿರಸಿ ಸಂಪಿಗೆ:

ಚೇಳಿನ ವಿಷಯ ಹೇಳದೇ ಇದ್ದಿದ್ರೆ ಚೆನ್ನಾಗಿತ್ತು 😀 ಇಬ್ಬರಿಗೂ ಥ್ಯಾಂಕ್ಸ್. ಇನ್ಶೂರೆನ್ಸ್ ನೋಡಿದೆ, ಫಿಕ್ಸೆಡ್ ಪ್ಲಾನೇ ಇತ್ತು, ಬದಲಾಯಿಸ್ತಿದ್ದೀವಿ. ವಾಲ್ವ್ ಪೆಟ್ಟಿಗೆಯನ್ನು ಗಂಡ ಕುಂಟೆಯಲ್ಲಿ ಎತ್ತಿ ನೋಡಿದರು, ಒಂದು ಹಲ್ಲಿ, ಜೇಡ, ಅಷ್ಟೇ. ಹಿತ್ತಲ ಗೋಡೆ ಐದಡಿ ಇದೆ, ಆದರೆ ಗೇಟಿನ ಕೆಳಗೆ ಎರಡು ಬೆರಳು ಸಂದಿ. ಅದಕ್ಕೆ ರಬ್ಬರ್ ಪಟ್ಟಿ ಸಾಕಾ? ಆಯಿ ಶೂ ಹಾಕೋಕೆ ಒಪ್ಪಿದ್ದಾರೆ. ತುಳಸಿ ಹತ್ತಿರ ಮಾತ್ರ ಬಿಟ್ಟು ಹೋಗ್ತಾರಂತೆ.

ತೀರ್ಥಹಳ್ಳಿ ಸರ್ವೆಯರ್:

ರಬ್ಬರ್ ಬೇಡ, ಇಲ್ಲಿನ ಬಿಸಿಲಿಗೆ ಬಿರುಕು ಬಿಡುತ್ತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲು ಇಂಚು ಕಣ್ಣಿನ ಜಾಲರಿ ಸಿಗುತ್ತೆ, ಗೇಟಿನ ಒಳಭಾಗಕ್ಕೆ ಕೆಳಗಿನ ಒಂದಡಿ ಸ್ಕ್ರೂ ಹಾಕಿ ಬಿಗಿಸಿ, ನೆಲಕ್ಕೆ ತಾಗೋ ಹಾಗೆ. ಕಾಲು ಇಂಚೇ ಇರಲಿ, ದೊಡ್ಡ ಕಣ್ಣಾದರೆ ಮರಿ ನುಸುಳುತ್ತೆ. ಗೋಡೆಯ ಬುಡದಲ್ಲಿ ಮಳೆನೀರು ಹೋಗೋ ತೂತು ಇದ್ದರೆ ಅದಕ್ಕೂ ಇದನ್ನೇ ಬಡಿಯಿರಿ, ಸಿಮೆಂಟ್ ಮಾಡಬೇಡಿ, ಜುಲೈ ಮಳೆಗೆ ಹಿತ್ತಲು ಕೆರೆಯಾಗುತ್ತೆ. ಗೋಡೆ ಆಚೆ ಒತ್ತಿಕೊಂಡಿರೋ ಪೊದೆ ಕತ್ತರಿಸಿ. ಹಕ್ಕಿಗೆ ಕಾಳು ಹಾಕ್ತಿದ್ದರೆ ನಿಲ್ಲಿಸಿ, ಕಾಳಿಗೆ ಇಲಿ ಬರುತ್ತೆ, ಇಲಿಗೆ ಇದು ಬರುತ್ತೆ.

ತುಳಸಿ ಕಟ್ಟೆಯನ್ನು ಪ್ಯಾಟಿಯೋ ಮೇಲೆ, ಬಾಗಿಲ ಎದುರಿಗೆ ಇಡಿ. ಸಿಮೆಂಟಿನ ನೆಲ, ಸುತ್ತ ಮೂರಡಿ ಏನೂ ಇರಬಾರದು. ಹೊರಡೋ ಮುಂಚೆ ಲೈಟ್ ಹಾಕಿ ನೋಡಲಿ.